ಪೈಗೆ ಬ್ಯಾಟರಿ ಕಟ್ಟುವುದು: ಕರೆಂಟ್ ಹೋದರೆ ತಾನೇ ಮಲಗಬೇಕು, ಬಂದರೆ ತಾನೇ ಏಳಬೇಕು

ಒಂದು ಪ್ಲಗ್ ತೆಗೆದು ಮತ್ತೆ ಹಾಕುವುದಕ್ಕೆಂದೇ ನಾನು ಹುಬ್ಬಳ್ಳಿಯಿಂದ ಬ್ಯಾಡಗಿಗೆ ಹೋಗಿ ಬಂದಿದ್ದೇನೆ. ಹಾವೇರಿ ದಾಟಿ ಹೋಗಬೇಕು, ಬಸ್ಸಿನಲ್ಲಿ ಹತ್ತಿರ ಹತ್ತಿರ ಎರಡು ತಾಸು. ಅಲ್ಲಿ ಹೋಗಿ ಮಾಡಿದ್ದು ಎರಡು ಸೆಕೆಂಡಿನ ಕೆಲಸ. ಚಹಾ ಕುಡಿದು ಮತ್ತೆ ಎರಡು ತಾಸು ವಾಪಸ್.

ಮಾಮಾನ ಮೆಣಸಿನಕಾಯಿ ಗೋದಾಮಿನಲ್ಲಿ ನಾನೊಂದು ರಾಸ್ಪ್‌ಬೆರಿ ಪೈ 3ಬಿ, ಅಂದರೆ ಅಂಗೈಯಗಲದ ಸಣ್ಣ ಕಂಪ್ಯೂಟರ್, ಇಟ್ಟಿದ್ದೇನೆ. ಅದಕ್ಕೆ ಒಂದು ಡಿಹೆಚ್‌ಟಿ22 ಸೆನ್ಸರ್. ಒಳಗಿನ ಉಷ್ಣಾಂಶ, ತೇವ ಎಷ್ಟಿದೆ ಅಂತ ಹತ್ತು ನಿಮಿಷಕ್ಕೊಮ್ಮೆ ಬರೆದಿಟ್ಟು ಫೋನಿಗೆ ಕಳಿಸುತ್ತದೆ. ಕಾಯಿ ತೇವ ಹಿಡಿದರೆ ಬೂಜು ಬರುತ್ತದೆ, ಬಣ್ಣ ಹೋಗುತ್ತದೆ. ಬ್ಯಾಡಗಿ ಕಾಯಿಗೆ ಬೆಲೆಯೇ ಬಣ್ಣದ್ದು ಅಲ್ವಾ? ಮೊದಲ ಸಲ ಕರೆಂಟ್ ಪಟ್ಟನೆ ಹೋಗಿ ಮೆಮೊರಿ ಕಾರ್ಡ್ ಕೆಟ್ಟಿತು, ಎರಡು ವಾರದ ಲೆಕ್ಕ ಹೋಯಿತು. ಆಮೇಲೆ ಬ್ಯಾಟರಿ ಹಾಕಿದೆ. ಆಗ ಕಾರ್ಡ್ ಉಳಿಯಿತು, ಆದರೆ ಮಾಮಾನ ಫೋನ್ ಬಂತು: "ನಿನ್ನ ಪೆಟ್ಟಿಗಿ ಮಲಕೊಂಡದ ನೋಡಪಾ, ಏಳವಲ್ದು."

ಬ್ಯಾಟರಿ ಹಾಕುವುದು ಸುಲಭ. ಪೈ ಸರಿಯಾಗಿ ಆರುವ ಹಾಗೆ ಮಾಡುವುದೂ ಅಷ್ಟೇನು ಕಷ್ಟ ಇಲ್ಲ. ಕರೆಂಟ್ ಬಂದಾಗ ಯಾರೂ ಮುಟ್ಟದೆ ಅದು ಎದ್ದು ಕೂರಬೇಕಲ್ಲ, ಅಲ್ಲೇ ಎಲ್ಲರೂ ಬೀಳುವುದು. ಹಾಗಾಗಿ ಈ ಬರಹದ ಹೆಚ್ಚು ಭಾಗ ಅದಕ್ಕೇ ಮೀಸಲು.

ಪವರ್ ಬ್ಯಾಂಕ್ ಸಾಕಾಗಲ್ವಾ?

ನಾನೂ ಮೊದಲು ಅದನ್ನೇ ಹಾಕಿದ್ದು. ಹೆಚ್ಚಿನ ಪವರ್ ಬ್ಯಾಂಕ್‌ಗಳು ಚಾರ್ಜರಿನಿಂದ ಬ್ಯಾಟರಿಗೆ ಬದಲಾಗುವಾಗ ಒಂದು ಕ್ಷಣ ಕಣ್ಣು ಮುಚ್ಚುತ್ತವೆ. ಫೋನಿಗೆ ಅದು ಗೊತ್ತೇ ಆಗುವುದಿಲ್ಲ. ಪೈ ಮಾತ್ರ ಅಷ್ಟರಲ್ಲಿ ಬಿದ್ದು ಮತ್ತೆ ಶುರುವಾಗುತ್ತದೆ. ಕೆಲವು ಚಾರ್ಜ್ ಆಗುತ್ತಿರುವಾಗ ಹೊರಗೆ ಕರೆಂಟ್ ಕೊಡುವುದೇ ಇಲ್ಲ. ಇನ್ನು ಕೆಲವು, ಪೈ ಜೀರೋದಂಥ ಸಣ್ಣ ಬೋರ್ಡು ಎಳೆಯುವ ಅಲ್ಪ ಕರೆಂಟನ್ನು ನೋಡಿ 'ಯಾರೂ ಇಲ್ಲ' ಅಂದುಕೊಂಡು ತಾವೇ ಆಫ್ ಆಗುತ್ತವೆ.

ನಾನು ಈಗ ಬಳಸುವುದು ವೈಫೈ ರೂಟರಿಗೆ ಹಾಕುವ 12 ವೋಲ್ಟಿನ ಮಿನಿ ಯುಪಿಎಸ್. ಸಾವಿರ, ಒಂದೂವರೆ ಸಾವಿರ ರೂಪಾಯಿಗೆ ಸಿಗುತ್ತದೆ. ಒಳಗೆ ಸಾಮಾನ್ಯವಾಗಿ 18650 ಅನ್ನುವ ಲಿಥಿಯಂ ಸೆಲ್‌ಗಳು, ಅವುಗಳ ರಕ್ಷಣೆಯ ಸರ್ಕ್ಯೂಟ್, ಚಾರ್ಜರ್ ಎಲ್ಲ ಇರುತ್ತದೆ. ರೂಟರ್ ಕಣ್ಣು ಮಿಟುಕಿಸದ ಹಾಗೆ ಬದಲಾಯಿಸುವುದೇ ಇದರ ಕೆಲಸ. ಬಿಡಿ ಸೆಲ್ ತಂದು ಚಾರ್ಜರ್ ಬೋರ್ಡಿಗೆ ನೀವೇ ಜೋಡಿಸಬೇಡಿ. ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ ಅಂತೂ ಬೇಡವೇ ಬೇಡ. ಒಣ ಮೆಣಸಿನಕಾಯಿ ಚೀಲಗಳ ಪಕ್ಕದಲ್ಲಿ ಬೆಂಕಿಯ ಆಟ ಆಡಬಾರದು.

ಎಷ್ಟು ಹೊತ್ತು ಬಾಳುತ್ತದೆ?

ಡಬ್ಬಿಯ ಮೇಲೆ '6000 ಎಂಎಹೆಚ್' ಅಂತ ದೊಡ್ಡದಾಗಿ ಬರೆದಿದ್ದರೆ ಖುಷಿಪಡುವ ಮುನ್ನ ಒಂದು ಲೆಕ್ಕ ಹಾಕಿ. ಬಹಳ ಸಲ ಅದು 2000ದ ಮೂರು ಸೆಲ್‌ಗಳನ್ನು ಕೂಡಿಸಿ ಹೇಳಿದ ಸಂಖ್ಯೆ. ಒಂದು ಸೆಲ್ 3.7 ವೋಲ್ಟ್. 2000 ಎಂಎಹೆಚ್ ಅಂದರೆ 2 ಆಂಪಿಯರ್ ಅವರ್. ಹಾಗಾಗಿ 3.7 × 2 × 3, ಸುಮಾರು 22 ವ್ಯಾಟ್ ಅವರ್. ವೋಲ್ಟೇಜ್ ಬದಲಾಯಿಸುವಾಗ ಶಾಖವಾಗಿ ಹೋಗುವುದನ್ನು ಕಳೆದರೆ ಕೈಗೆ ಸಿಗುವುದು 17-18. ಪೈ 3ಬಿ ಹೆಚ್ಚು ಕೆಲಸ ಇಲ್ಲದಾಗ 2ರಿಂದ 3 ವ್ಯಾಟ್ ತಿನ್ನುತ್ತದೆ. ಕಡಿಮೆಯೆಂದರೂ ಐದಾರು ತಾಸು ಬರಬೇಕು. ಯುಎಸ್‌ಬಿ ಡಾಂಗಲ್ ಸಿಕ್ಕಿಸಿದರೆ ಅದರ ಪಾಲು ಬೇರೆ, ಆಗ ಮೂರು-ನಾಲ್ಕು ತಾಸು ಅಂದುಕೊಳ್ಳಿ.

ಪೈ 5 ಇದ್ದವರಿಗೆ ಈ ಜೋಡಣೆ ಬೇಡ. ಅದಕ್ಕೆ ಹೇಳಿರುವ ಅಡಾಪ್ಟರೇ 5 ವೋಲ್ಟ್, 5 ಆಂಪಿಯರಿನದು. ಇಲ್ಲಿ ಹೇಳುವ, 12 ವೋಲ್ಟನ್ನು 5ಕ್ಕೆ ಇಳಿಸುವ ಸಣ್ಣ ಬೋರ್ಡು ಅಷ್ಟು ಕರೆಂಟ್ ಕೊಡಲಾರದು.

ಸಾಮಾನು

ಮಿನಿ ಯುಪಿಎಸ್ ಮತ್ತು 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್. 12ನ್ನು 5 ವೋಲ್ಟಿಗೆ ಇಳಿಸುವ ಎಲ್ಎಂ2596 ಬಕ್ ಬೋರ್ಡ್. ಐಆರ್‌ಎಫ್9540 ಮಾಸ್‌ಫೆಟ್ ಒಂದು, ಬಿಸಿ547 ಟ್ರಾನ್ಸಿಸ್ಟರ್ ಎರಡು. ರೆಸಿಸ್ಟರ್‌ಗಳಲ್ಲಿ 10ಕೆ ನಾಲ್ಕು, 47ಕೆ ಎರಡು, 33ಕೆ ಒಂದು. 1ಎನ್5822 ಡಯೋಡ್ ಒಂದು, ಬೇಕಾಗಬಹುದು. ಡಿಸಿ ಜ್ಯಾಕ್‌ಗಳು, ತೂತಿನ ಬೋರ್ಡು, ದಪ್ಪ ವೈರಿನ ಮೈಕ್ರೋ ಯುಎಸ್‌ಬಿ ಕೇಬಲ್. ಟಿವಿ ರಿಪೇರಿಯವರಿಗೆ ಬಿಡಿಭಾಗ ಮಾರುವ ಅಂಗಡಿಯಲ್ಲಿ ಹೆಚ್ಚಿನವು ಸಿಗುತ್ತವೆ. ಮಲ್ಟಿಮೀಟರ್ ಇಲ್ಲದಿದ್ದರೆ ಮೊದಲು ಅದನ್ನು ಕೊಳ್ಳಿ. ಅದಿಲ್ಲದೆ ಮುಂದಿನ ಒಂದು ಹೆಜ್ಜೆಯನ್ನೂ ಇಡಬೇಡಿ.

ಮೊದಲು ಯುಪಿಎಸ್‌ನ ಗುಣ ನೋಡಿ

ಯುಪಿಎಸ್ ಪೂರ್ತಿ ಚಾರ್ಜ್ ಆದಮೇಲೆ ಅಡಾಪ್ಟರ್ ಪಿನ್ ಕಿತ್ತು, ಯುಪಿಎಸ್‌ನ ಒಳಬರುವ ಜ್ಯಾಕಿನಲ್ಲಿ ವೋಲ್ಟೇಜ್ ಅಳೆಯಿರಿ. ಸೊನ್ನೆ ಇರಬೇಕು. ಕೆಲವು ಅಗ್ಗದ ಯುಪಿಎಸ್‌ಗಳಲ್ಲಿ ಬ್ಯಾಟರಿಯ ವೋಲ್ಟೇಜ್ ಹಿಂದಕ್ಕೆ ಸೋರಿ ಇಲ್ಲಿಯೂ ಕಾಣುತ್ತದೆ. ಹಾಗಾದರೆ ಕರೆಂಟ್ ಹೋದದ್ದು ಪೈಗೆ ತಿಳಿಯುವುದೇ ಇಲ್ಲ. ಸೋರುತ್ತಿದ್ದರೆ ಅಡಾಪ್ಟರ್ ಮತ್ತು ಯುಪಿಎಸ್ ನಡುವೆ ಪ್ಲಸ್ ವೈರಿನಲ್ಲಿ 1ಎನ್5822 ಹಾಕಿ. ಬಿಳಿ ಪಟ್ಟಿ ಯುಪಿಎಸ್ ಕಡೆಗಿರಲಿ. ಕರೆಂಟ್ ಇದೆಯೋ ಇಲ್ಲವೋ ನೋಡುವ ವೈರನ್ನು ಡಯೋಡಿಗಿಂತ ಮೊದಲೇ, ಅಡಾಪ್ಟರ್ ಕಡೆಯಿಂದ ತೆಗೆಯಬೇಕು. ಡಯೋಡ್ ಹಾಕಿದ ಮೇಲೂ ಚಾರ್ಜಿಂಗ್ ದೀಪ ಹತ್ತುತ್ತದೆಯೇ ನೋಡಿಕೊಳ್ಳಿ.

ಇನ್ನೊಂದು: ಒಳಬರುವ ಮತ್ತು ಹೊರಹೋಗುವ ಜ್ಯಾಕ್‌ಗಳ ಮೈನಸ್ ಒಂದೇ ಹೌದೋ ಅಂತ ಮಲ್ಟಿಮೀಟರಿನ ಬೀಪ್ ಇಟ್ಟು ನೋಡಿ. ಸಾಮಾನ್ಯವಾಗಿ ಒಂದೇ ಇರುತ್ತದೆ. ಬೀಪ್ ಬರದಿದ್ದರೆ ಆ ಯುಪಿಎಸ್‌ಗೆ ಕೆಳಗಿನ ಸರ್ಕ್ಯೂಟನ್ನು ನೇರ ಜೋಡಿಸಬೇಡಿ.

5 ವೋಲ್ಟ್ ಹೊಂದಿಸುವುದು

ಬಕ್ ಬೋರ್ಡಿಗೆ 12 ವೋಲ್ಟ್ ಕೊಡಿ, ಪೈ ಇನ್ನೂ ದೂರವೇ ಇರಲಿ. ನೀಲಿ ಡಬ್ಬಿಯ ಹಿತ್ತಾಳೆ ತಿರುಪನ್ನು ಸಣ್ಣ ಸ್ಕ್ರೂ ಡ್ರೈವರಿನಿಂದ ತಿರುಗಿಸಿ ಹೊರಗೆ 5.1 ವೋಲ್ಟ್ ಬರುವ ಹಾಗೆ ಮಾಡಿ. ಎಷ್ಟೋ ಸುತ್ತು ತಿರುಗಿಸಿದರೂ ಏನೂ ಬದಲಾಗದೆ ಆಮೇಲೆ ಇಳಿಯಲು ಶುರುವಾಗುತ್ತದೆ, ಗಾಬರಿ ಬೇಡ. ಹೊಂದಿಸಿದ ಮೇಲೆ ತಿರುಪಿನ ಮೇಲೆ ಒಂದು ಹನಿ ಉಗುರುಬಣ್ಣ ಹಾಕಿಬಿಡಿ, ಅಲುಗುವುದಿಲ್ಲ.

ಪೈಗೆ ಮೈಕ್ರೋ ಯುಎಸ್‌ಬಿ ಮೂಲಕವೇ ಕೊಡಿ. ಜಿಪಿಐಒ ಸಾಲಿನ (ಹೊರಗಿನ ವೈರ್ ಜೋಡಿಸಲು ಬೋರ್ಡಿನ ಅಂಚಿನಲ್ಲಿರುವ ಪಿನ್ನುಗಳ ಸಾಲು) 5 ವೋಲ್ಟ್ ಪಿನ್ನಿಗೆ ನೇರ ಕೊಟ್ಟರೂ ನಡೆಯುತ್ತದೆ, ಆದರೆ ಪೈ 3ರಲ್ಲಿ ಬೋರ್ಡಿನ ರಕ್ಷಣೆಯ ಫ್ಯೂಸ್ ದಾಟಿ ಹೋದಂತಾಗುತ್ತದೆ. ಕೇಬಲ್ ತೆಳ್ಳಗಿದ್ದರೆ ದಾರಿಯಲ್ಲೇ ವೋಲ್ಟೇಜ್ ಬೀಳುತ್ತದೆ. ಸುಮಾರು 4.63 ವೋಲ್ಟಿಗಿಂತ ಕೆಳಗಿಳಿದರೆ ಪೈ 'ಕಡಿಮೆಯಾಯಿತು' ಅಂತ ಗುರುತು ಹಾಕಿಕೊಳ್ಳುತ್ತದೆ.

ಎರಡು ಕೈ ಹಿಡಿದ ಬಾಗಿಲು

ಈಗ ಮುಖ್ಯ ವಿಷಯ. ಯುಪಿಎಸ್ ಮತ್ತು ಬಕ್ ನಡುವೆ ಒಂದು ಬಾಗಿಲು ಬೇಕು. ಅದನ್ನು ಇಬ್ಬರು ಹಿಡಿದಿರುತ್ತಾರೆ: ಒಬ್ಬ ಕರೆಂಟ್, ಇನ್ನೊಬ್ಬ ಪೈ. ಇಬ್ಬರಲ್ಲಿ ಒಬ್ಬ ಹಿಡಿದರೂ ಬಾಗಿಲು ತೆರೆದೇ ಇರುತ್ತದೆ. ಇಬ್ಬರೂ ಕೈ ಬಿಟ್ಟರೆ ಮುಚ್ಚುತ್ತದೆ.

ಬಾಗಿಲು ಅಂದರೆ ಐಆರ್‌ಎಫ್9540. ಅಕ್ಷರ ನಿಮ್ಮ ಕಡೆ, ಕಾಲು ಕೆಳಗೆ ಹಿಡಿದರೆ ಎಡದಿಂದ ಗೇಟ್, ಡ್ರೇನ್, ಸೋರ್ಸ್. ಸೋರ್ಸ್ ಯುಪಿಎಸ್‌ನ ಪ್ಲಸ್‌ಗೆ, ಡ್ರೇನ್ ಬಕ್‌ನ ಪ್ಲಸ್‌ಗೆ. ಗೇಟಿನಿಂದ ಸೋರ್ಸಿಗೆ ಒಂದು 10ಕೆ. ಸೋರ್ಸ್, ಡ್ರೇನ್ ಅದಲು ಬದಲಾದರೆ ಒಳಗಿನ ಡಯೋಡ್ ಸದಾ ಕರೆಂಟ್ ಬಿಡುತ್ತದೆ, ಬಾಗಿಲು ಮುಚ್ಚುವುದೇ ಇಲ್ಲ. ನಾನು ಒಂದು ಸಂಜೆ ಪೂರ್ತಿ ಹೀಗೆ ಕಳೆದಿದ್ದೇನೆ.

ಎರಡು ಕೈ ಅಂದರೆ ಎರಡು ಬಿಸಿ547. ಚಪ್ಪಟೆ ಮುಖ ನಿಮ್ಮ ಕಡೆ ಇದ್ದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಎರಡರ ಕಲೆಕ್ಟರನ್ನೂ ಮಾಸ್‌ಫೆಟ್ಟಿನ ಗೇಟಿಗೆ ಸೇರಿಸಿ. ಎರಡರ ಎಮಿಟರನ್ನೂ ಮೈನಸ್‌ಗೆ ಸೇರಿಸಿ. ಪ್ರತಿಯೊಂದರ ಬೇಸಿನಿಂದ ಮೈನಸ್‌ಗೆ ಒಂದು 47ಕೆ. ಇನ್ನು ಮೊದಲನೆಯದರ ಬೇಸಿಗೆ ಅಡಾಪ್ಟರಿನ ಪ್ಲಸ್‌ನಿಂದ 10ಕೆ ಮೂಲಕ ವೈರ್. ಎರಡನೆಯದರ ಬೇಸಿಗೆ ಪೈನ ಜಿಪಿಐಒ 22ರಿಂದ, ಅಂದರೆ 15ನೇ ಪಿನ್ನಿನಿಂದ, 10ಕೆ ಮೂಲಕ ವೈರ್. ಒಂದೇ ಟ್ರಾನ್ಸಿಸ್ಟರ್, ಎರಡು ಡಯೋಡ್ ಹಾಕಿಯೂ ಮಾಡಬಹುದು. ಆದರೆ ಹೀಗೆ ಬೇರೆ ಮಾಡಿದರೆ 12 ವೋಲ್ಟ್ ಪೈನ ಕಾಲಿನ ಹತ್ತಿರವೂ ಸುಳಿಯುವುದಿಲ್ಲ. ಪೈನ ಪಿನ್ನುಗಳು 3.3 ವೋಲ್ಟಿನವು, 5 ವೋಲ್ಟ್ ಕೊಟ್ಟರೂ ಸುಡಬಹುದು.

ಕರೆಂಟ್ ಇದೆಯೋ ಇಲ್ಲವೋ ಅಂತ ಪೈಗೂ ಗೊತ್ತಾಗಬೇಕು. ಅಡಾಪ್ಟರಿನ ಪ್ಲಸ್‌ನಿಂದ 33ಕೆ, ಅದರ ತುದಿಯಿಂದ ಮೈನಸ್‌ಗೆ 10ಕೆ. ಎರಡೂ ಸೇರುವ ಜಾಗದಲ್ಲಿ 12 ವೋಲ್ಟ್ ಸುಮಾರು 2.8 ಆಗಿರುತ್ತದೆ. ಅಳೆದು ನೋಡಿ, 3.3 ದಾಟಿಲ್ಲ ಅಂತ ಖಾತ್ರಿಯಾದ ಮೇಲೆ ಜಿಪಿಐಒ 17ಕ್ಕೆ, ಅಂದರೆ 11ನೇ ಪಿನ್ನಿಗೆ ಸೇರಿಸಿ. ಪೈನ 9ನೇ ಪಿನ್ ಮೈನಸ್, ಅದನ್ನೂ ಸರ್ಕ್ಯೂಟಿನ ಮೈನಸ್‌ಗೆ ಕೂಡಿಸಿ.

ಶಟ್‌ಡೌನ್ ಅಲ್ಲ, ರೀಬೂಟ್

ನನ್ನ ಮೊದಲ ವ್ಯವಸ್ಥೆ ಯಾಕೆ ಎದ್ದೇಳಲಿಲ್ಲ ಅಂತ ಈಗ ಹೇಳುತ್ತೇನೆ. ಕರೆಂಟ್ ಹೋಯಿತು, ಪೈ ಶಟ್‌ಡೌನ್ ಆಯಿತು. ಆದರೆ ಬ್ಯಾಟರಿಯಿಂದ 5 ವೋಲ್ಟ್ ಬರುತ್ತಲೇ ಇತ್ತು. ಆ ಜೋಡಣೆಯಲ್ಲಿ ಯಾರೂ ಮುಟ್ಟದೆ ಪೈ ಏಳಬೇಕಾದರೆ 5 ವೋಲ್ಟ್ ಒಮ್ಮೆ ಹೋಗಿ ಮತ್ತೆ ಬರಬೇಕು. ಬ್ಯಾಟರಿ ಖಾಲಿಯಾಗುವ ಮೊದಲೇ ಕರೆಂಟ್ ಬಂತು, 5 ವೋಲ್ಟ್ ಒಂದು ಕ್ಷಣವೂ ತಪ್ಪಲಿಲ್ಲ. ಪೈ ಮಲಗಿದ್ದು ಮಲಗಿಯೇ ಇತ್ತು. ಕರೆಂಟ್ ಬೇಗ ಬಂದಷ್ಟೂ ಕೇಡು ಅನ್ನುವ ವಿಚಿತ್ರ ಸ್ಥಿತಿ.

ಆರಿದ ಮೇಲೆ ಬ್ಯಾಟರಿಯನ್ನು ಕಡಿದು ಹಾಕಿದರೆ ಮುಗಿಯಿತು ಅನ್ನಬಹುದು. ಪೂರ್ತಿ ಮುಗಿಯುವುದಿಲ್ಲ. ಶಟ್‌ಡೌನ್ ನಡೆಯುತ್ತಿರುವ ಆ ಹತ್ತು ಸೆಕೆಂಡಿನಲ್ಲೇ ಕರೆಂಟ್ ಬಂದರೆ? ಕರೆಂಟ್ ಬಾಗಿಲು ಹಿಡಿದುಕೊಳ್ಳುತ್ತದೆ, ಪೈ ಆರುತ್ತದೆ, ಮತ್ತೆ ಅದೇ ಕಥೆ. 'ಹತ್ತು ಸೆಕೆಂಡು ತಾನೇ' ಅನ್ನಬೇಡಿ. ಅಡ್ಡಮಳೆ ದಿನಗಳಲ್ಲಿ ಕರೆಂಟ್ ಹೇಗೆ ಹೋಗಿ ಬರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಪರಿಹಾರ ತುಂಬಾ ಸರಳ: ಪೈಗೆ ಶಟ್‌ಡೌನ್ ಆಗು ಅನ್ನಬೇಡಿ, ರೀಬೂಟ್ ಆಗು ಅನ್ನಿ. ರೀಬೂಟ್‌ನಲ್ಲೂ ಎಲ್ಲ ಪ್ರೋಗ್ರಾಂ ನಿಲ್ಲುತ್ತವೆ, ಕಾರ್ಡಿಗೆ ಬರೆಯಬೇಕಾದ್ದೆಲ್ಲ ಬರೆದು ಮುಗಿಯುತ್ತದೆ. ಆಮೇಲೆ ಚಿಪ್ ರೀಸೆಟ್ ಆಗುತ್ತದೆ. ಆ ಹೊತ್ತಿಗೆ ಪಿನ್ನುಗಳೆಲ್ಲ ಕೈ ಸಡಿಲ ಬಿಡುತ್ತವೆ. ಕರೆಂಟ್ ಇಲ್ಲದಿದ್ದರೆ ಬಾಗಿಲು ಹಿಡಿಯುವವರು ಯಾರೂ ಇಲ್ಲ, ಮುಚ್ಚುತ್ತದೆ, ಪೈ ಪೂರ್ತಿ ಆರುತ್ತದೆ. ಕರೆಂಟ್ ಅಷ್ಟರಲ್ಲಿ ಬಂದಿದ್ದರೆ ಬಾಗಿಲು ತೆರೆದೇ ಇರುತ್ತದೆ, ಪೈ ಮಾಮೂಲಿ ರೀಬೂಟ್ ಆಗಿ ಏಳುತ್ತದೆ. ಮಧ್ಯದಲ್ಲಿ ಸಿಕ್ಕಿಬೀಳುವ ಜಾಗವೇ ಇಲ್ಲ.

ಇದು ಕೆಲಸ ಮಾಡಬೇಕಾದರೆ ಎರಡು ಎಚ್ಚರ. ಜಿಪಿಐಒ 0ರಿಂದ 8ರವರೆಗಿನ ಪಿನ್ನುಗಳು ರೀಸೆಟ್ ಆದಾಗ ಮೇಲಕ್ಕೆ, ಅಂದರೆ 3.3 ವೋಲ್ಟಿನ ಕಡೆಗೆ, ಎಳೆಯಲ್ಪಟ್ಟಿರುತ್ತವೆ, 9ರಿಂದ 27 ಕೆಳಕ್ಕೆ, ಅಂದರೆ ಸೊನ್ನೆಯ ಕಡೆಗೆ. ಹಾಗಾಗಿ ಬಾಗಿಲು ಹಿಡಿಯಲು 9ರ ನಂತರದ್ದೇ ಬೇಕು. ಅದಕ್ಕೇ 22 ಆರಿಸಿದ್ದು. ಎರಡನೆಯದು, ಆ ಪಿನ್ನನ್ನು ಪೈಥಾನ್ ಪ್ರೋಗ್ರಾಂನಿಂದ ಹಿಡಿಸಬೇಡಿ. ರೀಬೂಟ್ ಶುರುವಾದ ಕೂಡಲೇ ಪ್ರೋಗ್ರಾಂ ಸಾಯುತ್ತದೆ, ಸಾಯುವಾಗ ಪಿನ್ ಬಿಡಬಹುದು. ಕಾರ್ಡಿಗೆ ಬರೆಯುತ್ತಿರುವಾಗಲೇ ಕರೆಂಟ್ ಕಡಿದಂತೆ, ಬ್ಯಾಟರಿ ಹಾಕಿಯೂ ದಂಡ. ಬದಲಿಗೆ, ಪೈ ಶುರುವಾಗುವಾಗ ಓದುವ ಕಾನ್ಫಿಗ್ ಡಾಟ್ ಟಿಎಕ್ಸ್‌ಟಿ ಫೈಲಿನ ಕೊನೆಗೆ ಒಂದೇ ಸಾಲು ಸೇರಿಸಿ: 'ಜಿಪಿಐಒ=22=ಒಪಿ,ಡಿಹೆಚ್'. ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ. 22ನ್ನು ಔಟ್‌ಪುಟ್ ಮಾಡು, ಮೇಲೆತ್ತಿ ಹಿಡಿ ಅಂತ ಅದರ ಅರ್ಥ. ರಾಸ್ಪ್‌ಬೆರಿ ಪೈ ಓಎಸ್‌ನ 2023ರಲ್ಲಿ ಬಂದ ಬುಕ್‌ವರ್ಮ್ ಆವೃತ್ತಿಯಿಂದ ಈ ಫೈಲು ಬೂಟ್ ಫೋಲ್ಡರಿನ ಒಳಗಿನ ಫರ್ಮ್‌ವೇರ್ ಫೋಲ್ಡರಿನಲ್ಲಿದೆ. ಅದಕ್ಕಿಂತ ಹಳೆಯದರಲ್ಲಿ ನೇರ ಬೂಟ್ ಫೋಲ್ಡರಿನಲ್ಲೇ.

ಈ ಸಾಲನ್ನು ಪೈ ಓದುವುದು ಶುರುವಾದ ಕೆಲವು ಸೆಕೆಂಡಿನ ನಂತರ, ಆದರೆ ಲಿನಕ್ಸ್ ಏಳುವ ಮೊದಲೇ. ಆ ಅಂತರ ನಮಗೆ ಲಾಭ. ಕರೆಂಟ್ ಒಂದು ಸೆಕೆಂಡು ಬಂದು ಮತ್ತೆ ಹೋದರೆ ಪೈ ಕಣ್ಣು ಬಿಡುವ ಮೊದಲೇ ಆರುತ್ತದೆ, ಕಾರ್ಡಿಗೆ ಏನೂ ಆಗುವುದಿಲ್ಲ.

ಒಂದು ಮಾತು ನೆನಪಿರಲಿ. ಕರೆಂಟ್ ಇರುವಾಗ ನೀವೇ ಕೈಯಾರೆ ಶಟ್‌ಡೌನ್ ಕೊಟ್ಟರೆ ಬಾಗಿಲು ತೆರೆದೇ ಇರುತ್ತದೆ. ರಿಪೇರಿಗೆ ಕೂರುವಾಗ ಶಟ್‌ಡೌನ್ ಕೊಟ್ಟು, ಆಮೇಲೆ ಯುಪಿಎಸ್‌ನ ಪಿನ್ ಕೀಳಿ.

ಯಾವಾಗ ಮಲಗಬೇಕು? ಉದ್ರಿ ಖಾತೆಯ ಲೆಕ್ಕ

ಬ್ಯಾಟರಿ ಎಷ್ಟು ಉಳಿದಿದೆ ಅಂತ ವೋಲ್ಟೇಜ್ ನೋಡಿ ಹೇಳಬಹುದಲ್ಲ ಅನ್ನುತ್ತೀರಿ. ಆದರೆ ಹಲವು ಮಿನಿ ಯುಪಿಎಸ್‌ಗಳು ಕೊನೆಯವರೆಗೂ ಸರಿಯಾಗಿ 12 ವೋಲ್ಟನ್ನೇ ಕೊಡುತ್ತವೆ, ಆಮೇಲೆ ಪಟ್ಟನೆ ನಿಲ್ಲುತ್ತವೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಅದಕ್ಕೆ ನಾನು ಕಿರಾಣಿ ಅಂಗಡಿಯ ಖಾತೆ ಪುಸ್ತಕದ ದಾರಿ ಹಿಡಿದೆ.

ಮೊದಲು ಪೂರ್ತಿ ಚಾರ್ಜ್ ಮಾಡಿ, ಪ್ಲಗ್ ಕಿತ್ತು, ನಿಜಕ್ಕೂ ಎಷ್ಟು ಹೊತ್ತು ಬರುತ್ತದೆ ಅಂತ ಒಮ್ಮೆ ನೋಡಿ. ಕಾರ್ಡಿನ ನಕಲು ಮಾಡಿಟ್ಟುಕೊಂಡೇ ಮಾಡಿ, ಯಾಕೆಂದರೆ ಈ ಸಲ ಅದು ಒರಟಾಗಿ ಆರುತ್ತದೆ. ಐದು ತಾಸು ಬಂತು ಅನ್ನಿ, 300 ನಿಮಿಷ. ಅದರ ಅರ್ಧ, 150 ನಿಮಿಷ, ಖಾತೆಯ ಗರಿಷ್ಠ ಜಮಾ. ಕರೆಂಟ್ ಇಲ್ಲದ ಪ್ರತಿ ನಿಮಿಷಕ್ಕೆ ಒಂದು ಖರ್ಚು. ಕರೆಂಟ್ ಇರುವ ಪ್ರತಿ ಮೂರು ನಿಮಿಷಕ್ಕೆ ಒಂದು ಜಮಾ. ಕರೆಂಟ್ ಇಲ್ಲದಿರುವಾಗ ಖಾತೆ ಸೊನ್ನೆಯಾದರೆ ರೀಬೂಟ್. ಜಿಪುಣತನದ ಲೆಕ್ಕ ನಿಜ, ಆದರೆ ಬೆಳಿಗ್ಗೆ ಎರಡು ತಾಸು ಹೋಗಿ, ಅರ್ಧ ತಾಸು ಬಂದು, ಮತ್ತೆ ಹೋದಾಗ ಬ್ಯಾಟರಿ ತುಂಬಿದೆ ಅಂತ ಪೈ ಮೋಸ ಹೋಗುವುದಿಲ್ಲ.

ಪ್ರೋಗ್ರಾಂ ಪೈಥಾನಿನಲ್ಲಿ ಮೂವತ್ತು ಸಾಲು ದಾಟುವುದಿಲ್ಲ. ಐದು ಸೆಕೆಂಡಿಗೊಮ್ಮೆ 17ನೇ ಜಿಪಿಐಒ ಓದಬೇಕು. ಸತತ 30 ಸೆಕೆಂಡು ಕೆಳಗಿದ್ದರೆ ಮಾತ್ರ ಕರೆಂಟ್ ಹೋಯಿತು ಅನ್ನಬೇಕು. ತ್ರೀ ಫೇಸ್ ಬಿಡುವ ಹೊತ್ತಿಗೆ ಲೈನ್ ಒಮ್ಮೆ ಮಿಟುಕಿದ್ದಕ್ಕೆಲ್ಲ ಗಾಬರಿಯಾಗಬಾರದು. ಖಾತೆಯ ಬಾಕಿಯನ್ನು ರೀಬೂಟಿಗೆ ಮುನ್ನ ಫೈಲಿಗೆ ಬರೆಯಬೇಕು, ಎದ್ದ ಕೂಡಲೇ ಓದಬೇಕು. ಫೈಲು ಸಿಗದಿದ್ದರೆ ಸೊನ್ನೆಯಿಂದ ಶುರು. ಇಷ್ಟನ್ನು ಸಿಸ್ಟಂಡಿ (ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ಶುರು ಮಾಡಿಸುವ ವ್ಯವಸ್ಥೆ) ಸರ್ವಿಸ್ ಮಾಡಿ, ತಾನೇ ಶುರುವಾಗುವ ಹಾಗೆ ಇಡಿ.

ಜೊತೆಗೆ ಮೂರು ಸಣ್ಣ ಕೆಲಸ

ವಾಚ್‌ಡಾಗ್, ಅಂದರೆ ಪೈ ಹ್ಯಾಂಗ್ ಆದರೆ ತಾನೇ ರೀಸೆಟ್ ಮಾಡುವ ಕಾವಲುಗಾರ, ಹಚ್ಚಿಡಿ. ಬ್ಯಾಟರಿಯ ಮೇಲೆ ಓಡುತ್ತಿರುವಾಗ ಪೈ ಹ್ಯಾಂಗ್ ಆದರೆ ಪಿನ್ ಎತ್ತಿಕೊಂಡೇ ಕೂರುತ್ತದೆ, ಬ್ಯಾಟರಿ ತಳ ಕಾಣುತ್ತದೆ. ವಾಚ್‌ಡಾಗ್ ರೀಸೆಟ್ ಮಾಡಿದರೆ ಬಾಗಿಲು ತಾನೇ ಮುಚ್ಚುತ್ತದೆ. ಎರಡನೆಯದು, ಓವರ್‌ಲೇ ಫೈಲ್ ಸಿಸ್ಟಂ ಅನ್ನುವ ಆಯ್ಕೆ ಪೈನ ಸೆಟ್ಟಿಂಗ್ ಮೆನುವಾದ ರಾಸ್ಪಿ-ಕಾನ್ಫಿಗ್‌ನಲ್ಲಿದೆ. ಅದನ್ನು ಹಾಕಿದರೆ ಕಾರ್ಡಿಗೆ ಬರೆಯುವುದೇ ನಿಲ್ಲುತ್ತದೆ. ಆಗ ಅಳತೆಗಳನ್ನೂ ಖಾತೆಯ ಫೈಲನ್ನೂ ಪೆನ್‌ಡ್ರೈವಿನಲ್ಲಿ ಇಡಬೇಕು, ಇಲ್ಲದಿದ್ದರೆ ಆರಿದಾಗ ಅವೂ ಮಾಯ.

ಮೂರನೆಯದು ಗಡಿಯಾರ. ಪೈ 3ರಲ್ಲಿ ಆರಿದಾಗಲೂ ಓಡುವ ಗಡಿಯಾರ ಇಲ್ಲ. ಎದ್ದಾಗ ಇಂಟರ್ನೆಟ್ ಸಿಗದಿದ್ದರೆ ಮಧ್ಯಾಹ್ನದ ಅಳತೆಗೆ ಬೆಳಗಿನ ಸಮಯ ಬರೆದುಬಿಡುತ್ತದೆ. ಬಟನ್ ಸೆಲ್ಲಿನ ಮೇಲೆ ಓಡುವ ಡಿಎಸ್3231 ಗಡಿಯಾರದ ಬೋರ್ಡ್ ಹಾಕಿ, 3.3 ವೋಲ್ಟಿನಿಂದಲೇ ಕೊಡಿ. ಅಗ್ಗದ ಬೋರ್ಡುಗಳಲ್ಲಿ ಬಟನ್ ಸೆಲ್ಲನ್ನು ಚಾರ್ಜ್ ಮಾಡುವ ದಾರಿ ಇರುತ್ತದೆ. ಸಿಆರ್2032 ಚಾರ್ಜ್ ಮಾಡುವ ಸೆಲ್ ಅಲ್ಲ. 5 ವೋಲ್ಟ್ ಕೊಟ್ಟರೆ ಅದಕ್ಕೆ ಕೇಡು.

ಗೋದಾಮಿಗೆ ಒಯ್ಯುವ ಮುನ್ನ

ಮನೆಯಲ್ಲೇ ಮೂರು ಪರೀಕ್ಷೆ ಮಾಡಿ. ಪ್ಲಗ್ ಕಿತ್ತು ಹತ್ತು ಸೆಕೆಂಡಿಗೆ ಮತ್ತೆ ಹಾಕಿ, ಪೈಗೆ ಏನೂ ಗೊತ್ತಾಗಬಾರದು. ಆಮೇಲೆ ಖಾತೆಯನ್ನು 2 ನಿಮಿಷಕ್ಕೆ ಇಳಿಸಿ ಪ್ಲಗ್ ಕೀಳಿ. ಪೈನ ಕೆಂಪು ದೀಪವೂ ಆರಬೇಕು. ಹಸಿರು ಆರಿ ಕೆಂಪು ಉಳಿದರೆ ಬಾಗಿಲು ಮುಚ್ಚಿಲ್ಲ, ಮಾಸ್‌ಫೆಟ್ ನೋಡಿ. ಕೊನೆಯದು ಕಿಡಿಗೇಡಿ ಪರೀಕ್ಷೆ: ರೀಬೂಟ್ ಶುರುವಾದ ಕೂಡಲೇ ಪ್ಲಗ್ ಹಾಕಿ. ಒಮ್ಮೆ ಒಂದು ಸೆಕೆಂಡಿಗೆ, ಒಮ್ಮೆ ಮೂರು, ಒಮ್ಮೆ ಏಳು, ಹೀಗೆ ಹತ್ತು ಸಲ. ಹತ್ತೂ ಸಲ ಎದ್ದರೆ ಮಾತ್ರ ಬಸ್ ಹತ್ತಿ. ಆಮೇಲೆ ಪೈನಲ್ಲಿ 'ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್' ಆಜ್ಞೆ ಕೊಟ್ಟು, ವೋಲ್ಟೇಜ್ ಕಡಿಮೆಯಾದ ಗುರುತು ಇದೆಯೇ ನೋಡಿ. ಉತ್ತರ '0ಎಕ್ಸ್0' ಬಂದರೆ ಸರಿ. ಬೇರೆ ಅಂಕಿ ಬಂದರೆ ಮೊದಲು ಕೇಬಲ್ ಬದಲಾಯಿಸಿ.

ಇಡುವ ಜಾಗದ ಬಗ್ಗೆ ಒಂದು ಮಾತು. ಲಿಥಿಯಂ ಸೆಲ್‌ಗಳನ್ನು 45 ಡಿಗ್ರಿಗಿಂತ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಸೂರಿನ ಕೆಳಗೆ ಅಷ್ಟು ಬಿಸಿ ಸುಲಭವಾಗಿ ಆಗುತ್ತದೆ. ನಾನು ಮೊದಲು ಇಲಿಗೆ ಹೆದರಿ ಪೆಟ್ಟಿಗೆಯನ್ನು ತೊಲೆಯ ಮೇಲೆ ಕಟ್ಟಿದ್ದೆ. ಈಗ ಉತ್ತರದ ಗೋಡೆಗೆ, ನೆಲದಿಂದ ಎರಡು ಅಡಿ ಎತ್ತರದಲ್ಲಿ, ಗಾಳಿ ಕಿಂಡಿಗೆ ಜಾಳಿಗೆ ಹಾಕಿದ ಕಬ್ಬಿಣದ ಡಬ್ಬಿಯಲ್ಲಿದೆ. ಚೀಲಗಳಿಂದ ನಾಲ್ಕು ಅಡಿ ದೂರ.

ಸೆಲ್‌ಗಳು ವರ್ಷದಿಂದ ವರ್ಷಕ್ಕೆ ಸೊರಗುತ್ತವೆ. ಹಾಗಾಗಿ ಯುಗಾದಿ ಹೊತ್ತಿಗೆ, ಅಡ್ಡಮಳೆ ಶುರುವಾಗುವ ಮೊದಲು, ಬ್ಯಾಡಗಿಗೆ ಹೋದಾಗ ಯುಪಿಎಸ್ ಎಷ್ಟು ಹೊತ್ತು ಬರುತ್ತದೆ ಅಂತ ಮತ್ತೆ ಅಳೆಯುತ್ತೇನೆ. ಬಂದ ಅಂಕಿಯ ಅರ್ಧವನ್ನು ಖಾತೆಯ ಹೊಸ ಗರಿಷ್ಠ ಅಂತ ಬರೆದು, ತಾರೀಖಿನ ಜೊತೆ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸುತ್ತೇನೆ. ಒಂದು ತಾಸಿಗಿಂತ ಕಡಿಮೆ ಬಂದ ವರ್ಷ ಯುಪಿಎಸ್ ಬದಲಾಯಿಸಬೇಕು.